ಟಿಕೆಟ್ ಕೊಡೋದು ಯಾರು ಅಂತ ಮಕ್ಕಳು ಕೇಳಿದರೆ

ಮೇಡಂ, ಅಮೆರಿಕದ ಅಧ್ಯಕ್ಷ ಸ್ಥಾನದ ಅಭ್ಯರ್ಥಿಯನ್ನೂ ನಮ್ಮಲ್ಲಿಯ ಹಾಗೆ ಹೈಕಮಾಂಡೇ ಆರಿಸುತ್ತೆ ಅಂತ ನಿಮ್ಮ ಒಂಬತ್ತನೇ ಕ್ಲಾಸಿನ ಮಕ್ಕಳು ಅಂದುಕೊಂಡಿದ್ದಾರೆ, ಹೇಗೆ ತಿದ್ದಲಿ ಅಂತ ಕೇಳಿದ್ದೀರಿ. ಆ ಹೋಲಿಕೆಯಿಂದಲೇ ಶುರು ಮಾಡಿ. ಇಲ್ಲಿ ಬಿ ಫಾರಂ ಕೊಡೋದು ಪಕ್ಷ. ಅಲ್ಲಿ ರಾಜ್ಯ ರಾಜ್ಯದಲ್ಲೂ ಜನರೇ ಪ್ರೈಮರಿಯಲ್ಲಿ, ಅಂದರೆ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಚುನಾವಣೆಯಲ್ಲಿ, ಓಟು ಹಾಕುತ್ತಾರೆ, ಕೆಲವು ಕಡೆ ಕಾಕಸ್ ಅಂತ ಸಭೆ ಸೇರುತ್ತಾರೆ. ಆ ಓಟಿನ ಲೆಕ್ಕದಲ್ಲಿ ಡೆಲಿಗೇಟುಗಳು, ಅಂದರೆ ಪ್ರತಿನಿಧಿಗಳು ಸಿಗುತ್ತಾರೆ. ಅವರಲ್ಲಿ ಅರ್ಧಕ್ಕಿಂತ ಜಾಸ್ತಿ ಯಾರ ಕಡೆ ಇರುತ್ತಾರೋ ಅವರೇ ಪಕ್ಷದ ಅಭ್ಯರ್ಥಿ. 2024ರಲ್ಲಿ ರಿಪಬ್ಲಿಕನ್ ಪಕ್ಷದ ಅಭ್ಯರ್ಥಿಯಾಗಲು 2,429 ಡೆಲಿಗೇಟುಗಳಲ್ಲಿ 1,215 ಬೇಕಿತ್ತು.

ಮಕ್ಕಳು ತಡವರಿಸೋದು ಡೆಲಿಗೇಟ್ ಹಂಚುವ ಕಡೆ. ಅದನ್ನು ಬಾಯಲ್ಲಿ ಹೇಳಬೇಡಿ, ಆಡಿಸಿ. 15 ಮಕ್ಕಳ ಗುಂಪಿಗೆ 10 ಡೆಲಿಗೇಟ್ ಅಂತಿಟ್ಟುಕೊಂಡು ತಿಂಡಿಗೆ ಓಟು ಹಾಕಿಸಿ. ಚಿತ್ರಾನ್ನಕ್ಕೆ 6, ಪುಳಿಯೋಗರೆಗೆ 5, ವಾಂಗಿಭಾತಿಗೆ 4 ಬಂತು ಅನ್ನಿ. ಗೆದ್ದವರಿಗೇ ಎಲ್ಲಾ ಅಂದರೆ ಹತ್ತೂ ಚಿತ್ರಾನ್ನಕ್ಕೆ. ಓಟಿನ ಪ್ರಮಾಣದಲ್ಲಿ ಹಂಚಿದರೆ 4, 3, 3. ಅದೇ ಓಟು, ಫಲಿತಾಂಶ ಬೇರೆ, ಅಲ್ವಾ?

ಆಮೇಲೆ ನಿಜವಾದ ಉದಾಹರಣೆ ಕೊಡಿ. 2016ರಲ್ಲಿ ಸೌತ್ ಕ್ಯಾರೊಲಿನಾ ರಾಜ್ಯದ ರಿಪಬ್ಲಿಕನ್ ಪ್ರೈಮರಿಯಲ್ಲಿ ಟ್ರಂಪ್‌ಗೆ ಬಿದ್ದದ್ದು ಮೂರರಲ್ಲಿ ಒಂದು ಪಾಲಿನಷ್ಟು ಓಟು, ಸಿಕ್ಕಿದ್ದು 50ಕ್ಕೆ 50 ಡೆಲಿಗೇಟು! ಡೆಮಾಕ್ರಟಿಕ್ ಪಕ್ಷದಲ್ಲಿ ಹೀಗಾಗಲ್ಲ, ಅವರು ಪ್ರಮಾಣದಲ್ಲೇ ಹಂಚುತ್ತಾರೆ, ಆದರೆ ಡೆಲಿಗೇಟು ಸಿಗಬೇಕಾದರೆ ಕನಿಷ್ಠ 15 ಶೇಕಡಾ ಓಟು ಬಂದಿರಬೇಕು.

ಎಲೆಕ್ಟೋರಲ್ ಕಾಲೇಜನ್ನು, ಅಂದರೆ ಕೊನೆಗೆ ಅಧ್ಯಕ್ಷರನ್ನು ಆರಿಸುವ ಮತದಾರರ ಮಂಡಳಿಯನ್ನು, ಮಾತ್ರ ಅದೇ ದಿನ ತರಬೇಡಿ ಮೇಡಂ, ಅದು ನವೆಂಬರ್ ಚುನಾವಣೆಯ ಲೆಕ್ಕ, ಎರಡನ್ನೂ ಕಲಸಿದರೆ ಮಕ್ಕಳಿಗೆ ಪೂರ್ತಿ ಗೊಂದಲ.