ಮಂಗಳೂರಿನಲ್ಲಿ ಸಣ್ಣ ಬೊಟಿಕ್ ಇದೆ. 15% ದರ ಏರಿಸಬೇಕು, ಗಿರಾಕಿಗಳಿಗೆ ಹೇಗೆ ಹೇಳುವುದು?

ಹೇಳುವ ಮೊದಲು ಆ 15% ಎಲ್ಲಿಂದ ಬಂತು ಅಂತ ನೋಡಿ. ಅಂದಾಜಿನ ಏರಿಕೆಗೆ ಕೌಂಟರಿನಲ್ಲಿ ಉತ್ತರ ಇರುವುದಿಲ್ಲ, ಮತ್ತೆ ನಿಮಗೇ ಮಂಡೆಬಿಸಿ.

ಲೆಕ್ಕವನ್ನು ಪೀಸಿಗೆ ಹಾಕಿ. ಉದಾಹರಣೆಗೆ, ಲೈನಿಂಗ್ ಬ್ಲೌಸಿಗೆ ಈಗ 600 ರೂಪಾಯಿ ತೆಗೆದುಕೊಳ್ಳುತ್ತೀರಿ ಅಂತಿಟ್ಟುಕೊಳ್ಳಿ. ಲೈನಿಂಗ್ ಬಟ್ಟೆ 90, ಹುಕ್ಸ್-ನೂಲು-ಪೈಪಿಂಗ್ 30, ಹೊಲಿಯುವವರ ಪೀಸ್ ರೇಟ್ 280, ಬಾಡಿಗೆ-ಕರೆಂಟಿನ ಪಾಲು 90. ಒಟ್ಟು 490, ಉಳಿಯುವುದು 110. ಪೀಸ್ ರೇಟ್ 40, ಲೈನಿಂಗ್ 15 ಏರಿದರೆ ಉಳಿಯುವುದು 55 ಮಾತ್ರ. ಮೊದಲಿನ 110 ಉಳಿಸಲು 655 ಬೇಕು, 660 ಇಡಿ. ಅಂದರೆ 10% ಸಾಕಾಯಿತು. ಲೈನಿಂಗ್ ಇಲ್ಲದ ಸಾದಾ ಬ್ಲೌಸಿಗೆ, ಫಾಲ್-ಪಿಕೋಗೆ ಲೆಕ್ಕ ಬೇರೆಯೇ ಬರುತ್ತದೆ. ಎಲ್ಲದಕ್ಕೂ ಒಂದೇ ಶೇಕಡಾ ಹಾಕುವುದೇ ಮೊದಲ ತಪ್ಪು. ಪುಕ್ಕಟೆ ಆಲ್ಟರೇಷನ್ನಿನ ಹೊತ್ತನ್ನೂ ಸೇರಿಸಿ, ಹೆಚ್ಚಿನವರು ಅದನ್ನು ಬಿಡುತ್ತಾರೆ.

ರೆಡಿಮೇಡ್ ಕುರ್ತಾ, ಗೌನ್ ಮಾರುವವರಾದರೆ 2,500ರ ಗೆರೆ ನೋಡಿಕೊಳ್ಳಿ. 2025ರ ಸೆಪ್ಟೆಂಬರ್ 22ರಿಂದ ಪೀಸಿಗೆ 2,500 ರೂಪಾಯಿವರೆಗಿನ ಉಡುಪಿಗೆ ಜಿಎಸ್‌ಟಿ 5%, ಅದರ ಮೇಲೆ 18%. 2,500ರ ಗೌನಿಗೆ ಬಿಲ್ 2,625. ನೀವು ನೂರು ರೂಪಾಯಿ ಏರಿಸಿ 2,600 ಮಾಡಿದರೆ ಬಿಲ್ 3,068. ನಿಮಗೆ ಸಿಗುವುದು 100, ಗಿರಾಕಿಯ ಕಿಸೆಯಿಂದ ಹೋಗುವುದು 443! ಅಂಥ ಪೀಸನ್ನು 2,500ರಲ್ಲೇ ನಿಲ್ಲಿಸಿ ಬೇರೆ ಕಡೆ ಸರಿದೂಗಿಸುವುದು ವಾಸಿ. ಇನ್ನೊಂದು: ಜಿಎಸ್‌ಟಿ ನೋಂದಣಿ ಇಲ್ಲದವರು, ಕಾಂಪೊಸಿಷನ್‌ನಲ್ಲಿ (ಸಣ್ಣ ವ್ಯಾಪಾರಿಗಳ ಸರಳ ಜಿಎಸ್‌ಟಿ ಯೋಜನೆ) ಇರುವವರು ಗಿರಾಕಿಯಿಂದ ತೆರಿಗೆ ವಸೂಲು ಮಾಡುವಂತಿಲ್ಲ. ಹಾಗಾಗಿ "ಜಿಎಸ್‌ಟಿಯಿಂದಾಗಿ" ಅಂತ ಬರೆಯಲೇ ಬೇಡಿ. 1,000ದಿಂದ 2,500ರ ನಡುವಿನ ಉಡುಪಿಗೆ ತೆರಿಗೆ 12ರಿಂದ 5ಕ್ಕೆ ಇಳಿದದ್ದು ಜನರಿಗೆ ಗೊತ್ತಿದೆ, ತಿರುಗಿ ಕೇಳುತ್ತಾರೆ.

ಇನ್ನು ಮೆಸೇಜ್. ನಾನಾದರೆ ಇಷ್ಟೇ ಬರೆಯುತ್ತೇನೆ:

"ನಮಸ್ಕಾರ. ಆಗಸ್ಟ್ 20ರಿಂದ ಲೈನಿಂಗ್ ಬ್ಲೌಸ್ ಹೊಲಿಗೆ 600ರ ಬದಲು 660 ರೂ. ಹೊಲಿಯುವವರ ಮಜೂರಿ, ಲೈನಿಂಗ್ ಬಟ್ಟೆ ಎರಡೂ ಏರಿದೆ. 19ರೊಳಗೆ ಬಟ್ಟೆ ಮತ್ತು ಅಡ್ವಾನ್ಸ್ ಕೊಟ್ಟವರಿಗೆ ಹಳೆ ದರ. ಸಾದಾ ಬ್ಲೌಸ್, ಫಾಲ್-ಪಿಕೋ ದರ ಹಾಗೆಯೇ ಇದೆ."

"ಅನಿವಾರ್ಯ ಕಾರಣಗಳಿಂದ", "ಕ್ಷಮೆಯಿರಲಿ" ಬೇಡ. ಕ್ಷಮೆ ಕೇಳಿದರೆ ಚೌಕಾಸಿಗೆ ಬಾಗಿಲು ತೆರೆದ ಹಾಗೆ.

ಹೇಳಲು ಒಳ್ಳೆಯ ಹೊತ್ತು ಆಟಿ, ಅಂದರೆ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ತುಳು ತಿಂಗಳು. ಮದುವೆಗಳಿಲ್ಲ, ಮಿಷನ್ ಖಾಲಿ. ಹಳೆ ದರದ ಆಸೆಗೆ ಅಷ್ಟಮಿ, ಚೌತಿಯ ಬಟ್ಟೆ ಬೇಗ ಬರುತ್ತದೆ. ಆದರೆ ಕೊನೆಯ ಎರಡು ದಿನ ರಾಶಿ ಬೀಳುತ್ತದೆ, ಡೆಲಿವರಿ ತಪ್ಪಿದರೆ ದರಕ್ಕಿಂತ ದೊಡ್ಡ ಜಗಳ. ದಿನಕ್ಕೆ ಎಷ್ಟು ಪೀಸ್ ಆಗುತ್ತದೋ ಅಷ್ಟಕ್ಕೇ ತಾರೀಕು ಕೊಟ್ಟು ಚೀಟಿಯಲ್ಲಿ ಬರೆಯಿರಿ. ಆಟಿ ಡಿಸ್ಕೌಂಟಿನ ಬೋರ್ಡ್ ಇದ್ದರೆ ಅದನ್ನು ತೆಗೆದ ಮೇಲೆ ಇದನ್ನು ಹಾಕಿ. ಕ್ರಿಸ್‌ಮಸ್ ನಂತರದ ಮದುವೆಗೆ ಈಗಾಗಲೇ ಅಡ್ವಾನ್ಸ್ ಪಡೆದ ಗೌನಿನ ದರ ಮುಟ್ಟಲೇಬೇಡಿ.

ವಾಟ್ಸಾಪಿನ ಮಾಮೂಲಿ ಬ್ರಾಡ್‌ಕಾಸ್ಟ್ ಲಿಸ್ಟ್ ಮುಟ್ಟುವುದು ನಿಮ್ಮ ನಂಬರ್ ಸೇವ್ ಮಾಡಿದವರಿಗೆ ಮಾತ್ರ. ಆದ್ದರಿಂದ ಕೌಂಟರಿನಲ್ಲಿ ಬೋರ್ಡೂ ಇರಲಿ. ಅಳತೆ ತೆಗೆಯುವ ಹುಡುಗಿಗೂ ಹೇಳಿಕೊಡಿ, "ರೇಟ್ ದಾಯೆ ಜಾಸ್ತಿ?" (ದರ ಯಾಕೆ ಜಾಸ್ತಿ?) ಅಂತ ಗಿರಾಕಿ ತುಳುವಿನಲ್ಲಿ ಕೇಳಿದರೆ ಅವಳು "ಓನರ್ ಹೇಳಿದ್ದು" ಅನ್ನಬಾರದು, ಮಜೂರಿ ಮತ್ತು ಲೈನಿಂಗ್ ಅನ್ನಬೇಕು. ಹಳೆ ಗಿರಾಕಿ ಅಕ್ಕನಿಗೆ ಗುಟ್ಟಾಗಿ 600ಕ್ಕೇ ಹೊಲಿದುಕೊಟ್ಟರೆ ವಾರದೊಳಗೆ ಅವರ ತಂಗಿಯೂ ಅದೇ ದರ ಕೇಳುತ್ತಾರೆ. ಬೇಕಾದರೆ ಒಂದು ಫಾಲ್ ಪುಕ್ಕಟೆ ಹಾಕಿಕೊಡಿ.

ಎಂಆರ್‌ಪಿ ಮುದ್ರಿಸಿದ ಪ್ಯಾಕೆಟ್ ಮಾಲು ಉಳಿದಿದ್ದರೆ ಅದರ ಮೇಲೆ ಹೆಚ್ಚಿನ ದರದ ಸ್ಟಿಕ್ಕರ್ ಅಂಟಿಸುವಂತಿಲ್ಲ. ಅದನ್ನು ಹಳೆ ದರಕ್ಕೇ ಖಾಲಿ ಮಾಡಿ.