ಹುಣಸೆಹಣ್ಣು ಹಚ್ಚಬೇಡಿ, ಅಕ್ಷರ ಇರುವುದೇ ಆ ಹಸಿರಿನಲ್ಲಿ

ಹೊಲದಲ್ಲಿ ಸಿಕ್ಕ ತಾಮ್ರದ ನಾಣ್ಯ, ಕಬ್ಬಿಣದ ಚೂರಿ ಹೊಳೆಯಬೇಕಾದರೆ ಹುಣಸೆಹಣ್ಣು ಸಾಕಾ, ಆ್ಯಸಿಡ್ ಬೇಕಾ ಅಂತ ಕೇಳಿದ್ದೀರಿ. ಎರಡೂ ಬೇಡ. ಇನ್ನೂ ತಿಕ್ಕಿಲ್ಲ ಅಂದರೆ ದಯವಿಟ್ಟು ತಿಕ್ಕಬೇಡಿ.

ನಮ್ಮದು ವಿಜಯಪುರದ ಕಡೆ, ಡೋಣಿ ಹೊಳೆ ಸಾಲಿನ ಎರೆ ಹೊಲ. ಒಂದು ಬೇಸಿಗೆಯಲ್ಲಿ ಕೃಷಿ ಹೊಂಡ ತೋಡಿಸುವಾಗ ಜೆಸಿಬಿಗೆ ಮಣ್ಣಿನ ಕುಡಿಕೆ ತಾಗಿ ಒಡೆಯಿತು. ಒಳಗೆ ಹಸಿರು ಹಿಡಿದ 13 ದಪ್ಪ ಬಿಲ್ಲೆಗಳು. ಅವ್ವ ನೋಡಿದವಳೇ, "ಹುಣಸಿಹಣ್ಣು, ಉಪ್ಪು ಹಚ್ಚಿ ತಿಕ್ಕೋ, ನಮ್ಮ ಹಂಡೇದಂಗ ಹೊಳಿತಾವ" ಅಂದಳು. ರಾತ್ರಿ ನೆನೆಸಿಟ್ಟೆ. ಬೆಳಿಗ್ಗೆ ತೆಂಗಿನ ನಾರು ತಗೊಂಡು ಕೂತೆ. 11 ಬಿಲ್ಲೆ ಕೆಂಪಗೆ ಹೊಳೆದವು. ಎರಡು ಒಂದಕ್ಕೊಂದು ಅಂಟಿಕೊಂಡಿದ್ದವು. ಅವನ್ನು ನೆನೆಸದೆ ಗೋಡೆಯ ಗೂಡಿನಲ್ಲಿ ಇಟ್ಟಿದ್ದೆ.

ಶ್ರಾವಣದಲ್ಲಿ ಡಬ್ಬಿ ತೆಗೆದರೆ ನಾಲ್ಕು ನಾಣ್ಯದ ಮೇಲೆ ತಿಳಿಹಸಿರು ಪುಡಿ. ಒರೆಸಿದೆ. ವಾರದಲ್ಲಿ ಮತ್ತೆ ಬಂತು, ಪುಡಿಯ ಕೆಳಗೆ ಸಣ್ಣ ಗುಣಿ ಬಿದ್ದಿತ್ತು. ಹೆದರಿ, ನಾಣ್ಯ ಬಲ್ಲ ಹಿರಿಯರೊಬ್ಬರ ಹತ್ತಿರ ಒಯ್ದೆ. ಅವರು 11ನ್ನೂ ತಿರುಗಿಸಿ ತಿರುಗಿಸಿ ನೋಡಿದರು, ಮಾತೇ ಆಡಲಿಲ್ಲ. ಆಮೇಲೆ ಅಂಟಿದ ಜೋಡಿಯನ್ನು ಬೆಳಕಿಗೆ ಓರೆಯಾಗಿ ಹಿಡಿದರು. ಹಸಿರಿನ ಮೇಲೇ ಪಾರಸಿ ಅಕ್ಷರ ಎದ್ದು ಕಂಡವು. ಆದಿಲ್‌ಶಾಹಿ ನಾಣ್ಯ. 1686ರಲ್ಲಿ ಔರಂಗಜೇಬ ಬಿಜಾಪುರ ಗೆಲ್ಲುವುದಕ್ಕೂ ಮೊದಲಿನವು. ನಾನು ತಿಕ್ಕಿದ 11 ಯಾವ ಸುಲ್ತಾನನವು ಅಂತ ಇನ್ನು ಯಾರೂ ಓದಲಾರರು.

ಈ ತಪ್ಪನ್ನು ಬಿಡಿಸಿ ಹೇಳುತ್ತೇನೆ. ನೂರಾರು ವರ್ಷ ನೆಲದಲ್ಲಿದ್ದ ನಾಣ್ಯದ ಮೈ ತಾಮ್ರವಾಗಿ ಉಳಿದಿರುವುದಿಲ್ಲ. ನಡುವೆ ತಾಮ್ರ, ಅದರ ಮೇಲೆ ಕೆಂಪು ಪದರ, ಅದರ ಮೇಲೆ ಹಸಿರು. ಟಂಕಸಾಲೆಯಲ್ಲಿ ಒತ್ತಿದ ಅಕ್ಷರ ಈಗ ಇರುವುದು ಆ ಪದರದಲ್ಲೇ. ಹುಳಿ ಅದನ್ನೇ ಕರಗಿಸುತ್ತದೆ. ಮನೆ ಹಂಡೆಯ ಕಿಲುಬು ನಿನ್ನೆ ಮೊನ್ನೆಯದು, ಕೆಳಗೆ ಗಟ್ಟಿ ತಾಮ್ರ ಇರುತ್ತದೆ. ನಾಣ್ಯಕ್ಕೆ ಆ ಲೆಕ್ಕ ನಡೆಯುವುದಿಲ್ಲ.

ಉಪ್ಪು ಇನ್ನೂ ಕೆಟ್ಟದ್ದು. ಡೋಣಿ ಸಾಲಿನ ಮಣ್ಣೇ ಸವಳು, ನಾಣ್ಯದೊಳಗೆ ಮೊದಲೇ ಉಪ್ಪಿನಂಶ ಸೇರಿರುತ್ತದೆ. ನಾನು ಮೇಲಿಂದ ಮತ್ತಷ್ಟು ತುಂಬಿದೆ. ಉಪ್ಪಿನ ಕ್ಲೋರೈಡ್ ತಾಮ್ರಕ್ಕೆ ಹತ್ತುತ್ತದೆ. ಗಾಳಿ, ತೇವ ತಾಗಿದರೆ ಅದರಿಂದ ಆ್ಯಸಿಡ್ ಹುಟ್ಟುತ್ತದೆ, ಆ ಆ್ಯಸಿಡ್ ಮತ್ತೆ ತಾಮ್ರ ತಿನ್ನುತ್ತದೆ. ಒಮ್ಮೆ ಶುರುವಾದರೆ ತಾನಾಗಿ ನಿಲ್ಲುವುದಿಲ್ಲ. ಬಲ್ಲವರು ಇದಕ್ಕೆ ಬ್ರಾಂಜ್ ಡಿಸೀಸ್ ಅಂತಾರೆ.

ಹೊಳೆಯಬೇಕು ಅನ್ನುವ ಆಸೆಯೇ ತಪ್ಪು ಅಂತ ನನಗೆ ಈಗ ಅನಿಸುತ್ತದೆ. ಗಟ್ಟಿಯಾದ, ನುಣುಪಾದ ಕಡುಹಸಿರು ನಾಣ್ಯವನ್ನು ಕಾಯುತ್ತದೆ, ಅದನ್ನು ಮುಟ್ಟಬೇಡಿ. ಉದುರುವ ತಿಳಿಹಸಿರು ಪುಡಿ ಕಂಡರೆ ಮಾತ್ರ ಚಿಂತೆ ಮಾಡಿ, ಆ ನಾಣ್ಯ ಬೇರೆ ಇಡಿ. ನೆರಳಲ್ಲಿ ಒಣಗಿಸಿ, ಗಾಳಿಯಾಡದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಜಾಸ್ತಿ ಹಾಕಿ ಇಡಿ. ಒಳಗಿನ ತೇವಾಂಶ ಶೇ. 40 ದಾಟಬಾರದು. ಪಿವಿಸಿ ಚೀಲ ಬೇಡ, ಅದೂ ಹೈಡ್ರೋಕ್ಲೋರಿಕ್ ಆ್ಯಸಿಡ್ ಹಬೆ ಬಿಡುತ್ತದೆ. ಕಬ್ಬಿಣದ ಚೂರಿಗೆ ನೀರು ಕೂಡ ತಾಗಿಸಬೇಡಿ, ತುಕ್ಕು ಕುಟ್ಟಿ ಉದುರಿಸಬೇಡಿ, ಒಣಗಿಸಿಡಿ ಸಾಕು.

ಅಷ್ಟು ಮಾಡಿ ತಹಶೀಲ್ದಾರ್ ಕಚೇರಿಗೆ ಹೋಗಿ. ನೆಲದಲ್ಲಿ ಸಿಕ್ಕ ನಿಧಿಗೆ ನಮ್ಮ ರಾಜ್ಯದಲ್ಲಿ 1962ರ ಕಾಯ್ದೆ ಇದೆ. ತಿಳಿಸದೆ ಮನೆಯಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ. ತೊಳೆಯುವ ಕೆಲಸ ಅದನ್ನೇ ಕಲಿತವರಿಗೆ ಬಿಡಿ. ಗೋಳಗುಮ್ಮಟದ ಮುಂದಿನ ನಗಾರಖಾನೆಯಲ್ಲಿ ಪುರಾತತ್ವ ಇಲಾಖೆಯ ಮ್ಯೂಸಿಯಂ ಇದೆ, ಅಲ್ಲೂ ವಿಚಾರಿಸಬಹುದು. ನಾವು ತಡವಾಗಿ ಒಪ್ಪಿಸಿದೆವು, ಅದೂ ಕೆಡಿಸಿದ್ದನ್ನು.

ನಿಮ್ಮ ನಾಣ್ಯ ಇದ್ದ ಕುಡಿಕೆಯೋ ಮತ್ತೊಂದೋ ಸಿಕ್ಕಿದ್ದರೆ ಅದರ ಚೂರು ಬಿಸಾಡಿಲ್ಲ ತಾನೇ? ನಮ್ಮವು ಹೊಂಡದ ಒಡ್ಡಿನ ಮಣ್ಣಿನಲ್ಲಿ ಸೇರಿಹೋದವು. ಹುಡುಕಿ ಇಡಿ. ಯಾವ ಜಾಗ, ಎಷ್ಟು ಅಡಿ ಆಳ ಅಂತ ಒಂದು ಚೀಟಿ ಬರೆದು ಜೊತೆಗೆ ಹಾಕಿ.