ಬಿಎಸ್ಸಿ ಮುಗಿಸಿ ಸಮಾಜಶಾಸ್ತ್ರ ಎಂಎಗೆ ಸೇರಿದ್ದೇನೆ. ಥಿಯರಿ ತಲೆಗೆ ಹತ್ತುತ್ತಿಲ್ಲ, ಡೆಸರ್ಟೇಷನ್ ಎಲ್ಲಿಂದ ಶುರು ಮಾಡಲಿ?

ನಿಮ್ಮ ಎರಡೂ ತೊಂದರೆಗೆ ಮೂಲ ಒಂದೇ ಅನ್ನಿಸುತ್ತದೆ. ವಿಜ್ಞಾನದಲ್ಲಿ ಗೊತ್ತಿಲ್ಲದ ಪದ ಕಂಡರೆ ನಿಂತು ಅರ್ಥ ಹುಡುಕುತ್ತೀರಿ. ಸಮಾಜಶಾಸ್ತ್ರದಲ್ಲಿ ವರ್ಗ, ಅಂತಸ್ತು, ಅಧಿಕಾರ ಎಲ್ಲವೂ ದಿನಾ ಆಡುವ ಮಾತು. ಗೊತ್ತಿದೆ ಅಂದುಕೊಂಡು ದಾಟಿಬಿಡುತ್ತೀರಿ.

ಮಾರ್ಕ್ಸ್‌ಗೆ ವರ್ಗವೆಂದರೆ ಉತ್ಪಾದನಾ ಸಾಧನಗಳ ಜೊತೆಗಿನ ಸಂಬಂಧ: ಒಡೆತನ ಯಾರದು, ದುಡಿಮೆ ಮಾರಿಕೊಳ್ಳುವವರು ಯಾರು. ಜರ್ಮನ್ ಸಮಾಜಶಾಸ್ತ್ರಜ್ಞ ವೆಬರ್ ವರ್ಗವನ್ನು ಮಾರುಕಟ್ಟೆಯಲ್ಲಿನ ಸ್ಥಿತಿಯಿಂದ ಗುರುತಿಸಿ, ಮರ್ಯಾದೆಗೆ ಸಂಬಂಧಿಸಿದ ಅಂತಸ್ತನ್ನು ಬೇರೆ ಇಡುತ್ತಾರೆ. ಅವರ 'ಆದರ್ಶ ಪ್ರರೂಪ' ಕನ್ನಡದಲ್ಲಿ ಓದುವವರನ್ನು ಇನ್ನಷ್ಟು ದಾರಿ ತಪ್ಪಿಸುತ್ತದೆ. ಆದರ್ಶ ಅಂದ ಕೂಡಲೇ ಅನುಸರಿಸಬೇಕಾದದ್ದು ಅನ್ನಿಸುತ್ತದಲ್ಲ? ವೆಬರ್ ಹೇಳಿದ್ದು ಹೋಲಿಸಿ ನೋಡಲು ಕಟ್ಟಿಕೊಂಡ ಅಳತೆಗೋಲು. ಒಳ್ಳೆಯದು ಕೆಟ್ಟದ್ದರ ಮಾತು ಅದರಲ್ಲಿಲ್ಲ.

ಹಾಗಾಗಿ ಒಂದು ನೋಟ್‌ಬುಕ್ ಇಡಿ, ಪದಕ್ಕೊಂದು ಪುಟ. ಯಾರು ಬಳಸಿದರು, ನಿಮ್ಮ ಮಾತಿನಲ್ಲಿ ಅರ್ಥವೇನು, ಯಾರ ಜೊತೆ ವಾದ ಮಾಡುತ್ತ ಹಾಗೆ ಹೇಳಿದರು ಎಂದು ಬರೆಯಿರಿ. ಮೂರನೆಯದು ಗೈಡುಗಳಲ್ಲಿ ಸಿಗುವುದು ಕಷ್ಟ, ಮೂಲವನ್ನೇ ಓದಬೇಕು. ವಿಜ್ಞಾನದವರಿಗೆ ನಾನು ಮೊದಲು ಹೇಳುವುದು ಫ್ರೆಂಚ್ ಸಮಾಜಶಾಸ್ತ್ರಜ್ಞ ಡರ್ಕ್‌ಹೈಮ್ 1897ರಲ್ಲಿ ಪ್ರಕಟಿಸಿದ ಆತ್ಮಹತ್ಯೆಯ ಅಧ್ಯಯನ. ಮಾನಸಿಕ ಕಾಯಿಲೆ, ಆನುವಂಶಿಕತೆ, ಹವಾಮಾನ, ಅನುಕರಣೆ ಎಂಬ ಬೇರೆ ವಿವರಣೆಗಳನ್ನು ಒಂದೊಂದಾಗಿ ತಳ್ಳಿಹಾಕುವ ಕ್ರಮ ನಿಮಗೆ ಪರಿಚಿತ ಅನ್ನಿಸುತ್ತದೆ. ಅವರು ಹೇಳುವ ಆತ್ಮಹತ್ಯೆಯ ನಾಲ್ಕು ವಿಧಗಳನ್ನು ಬಾಯಿಪಾಠ ಮಾಡುವುದಕ್ಕಿಂತ ಆ ತರ್ಕ ಹಿಡಿದರೆ ಲಾಭ. ಡರ್ಕ್‌ಹೈಮ್ ಬಳಸಿದಂಥ ಗುಂಪಿನ ಅಂಕಿಯಿಂದ ವ್ಯಕ್ತಿಯ ಬಗ್ಗೆ ತೀರ್ಮಾನಿಸುವ ಅಪಾಯವನ್ನು ಅಮೆರಿಕದ ಸಮಾಜಶಾಸ್ತ್ರಜ್ಞ ರಾಬಿನ್ಸನ್ 1950ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಅದನ್ನೂ ಜೊತೆಗೇ ಓದಿ.

ಡೆಸರ್ಟೇಷನ್ನಿನಲ್ಲಿ ಕೆಡಿಸುವ ಪದ 'ಪ್ರಭಾವ'. 'ಕುಟುಂಬದ ಮೇಲೆ ಮೊಬೈಲ್ ಪ್ರಭಾವ' ಎಂದು ಶೀರ್ಷಿಕೆ ಇಟ್ಟ ಕ್ಷಣ ಕಾರಣ ಮತ್ತು ಪರಿಣಾಮವನ್ನು ಸಾಧಿಸುವ ಹೊಣೆ ಹೊತ್ತಿರಿ. ಅದಕ್ಕೆ ಮೊಬೈಲ್ ಬರುವ ಮುಂಚಿನ ಮಾಹಿತಿ ಬೇಕು, ಇಲ್ಲವೇ ಹೋಲಿಸಲು ಇನ್ನೊಂದು ಗುಂಪು ಬೇಕು. ಒಂದು ಸಲ ಪ್ರಶ್ನಾವಳಿ ಹಂಚಿ ಇದನ್ನು ಹೇಳಲಾಗದು. 'ರಾತ್ರಿ ಪಾಳಿಯಲ್ಲಿ ದುಡಿಯುವ ತಾಯಂದಿರು ಮಕ್ಕಳ ಆರೈಕೆಯನ್ನು ಯಾರಿಗೆ, ಹೇಗೆ ವಹಿಸುತ್ತಾರೆ' ಎಂಬಂಥ ಪ್ರಶ್ನೆಯಾದರೆ ಕೆಲವು ತಿಂಗಳಲ್ಲಿ ಮುಗಿಯುತ್ತದೆ, ಹೇಳಿದ್ದಕ್ಕೆ ಆಧಾರವೂ ಇರುತ್ತದೆ.

ಸ್ಯಾಂಪಲ್ (ಮಾಹಿತಿ ಕೊಡಲು ಆರಿಸಿಕೊಂಡ ಜನ) 384 ಎಂದು ಕಣ್ಣು ಮುಚ್ಚಿ ಬರೆಯಬೇಡಿ. ದೊಡ್ಡ ಜನಸಂಖ್ಯೆಗೆ ಶೇ 95 ವಿಶ್ವಾಸಮಟ್ಟ, ಶೇ 5 ದೋಷಮಿತಿ ಇಟ್ಟುಕೊಂಡು ಬಂದ ಸಂಖ್ಯೆ ಅದು, ಯಾದೃಚ್ಛಿಕ ಆಯ್ಕೆಗೆ, ಅಂದರೆ ಚೀಟಿ ಎತ್ತಿದ ಹಾಗೆ ಆರಿಸಿದ್ದಕ್ಕೆ ಮಾತ್ರ ಸಲ್ಲುತ್ತದೆ. ಗೆಳೆಯರ ವಾಟ್ಸಾಪ್ ಗುಂಪಿನಲ್ಲಿ ಫಾರ್ಮ್ ಹಂಚಿದರೆ 384 ಆದರೂ ಒಂದೇ, 3,000 ಆದರೂ ಒಂದೇ. 'ಸಂಬಳ ಮತ್ತು ಕೆಲಸದ ವೇಳೆ ತೃಪ್ತಿಕರವೇ?' ಎಂದು ಕೇಳಿದರೆ ಉತ್ತರ ಯಾವುದಕ್ಕೆ ಬಂತೆಂದು ತಿಳಿಯುವುದಿಲ್ಲ, ಎರಡಾಗಿ ಒಡೆಯಿರಿ. ಇಂಥವು ಐದಾರು ಜನರ ಮೇಲೆ ಮೊದಲೇ ಪ್ರಯೋಗಿಸಿದರೆ ಸಿಕ್ಕಿಬೀಳುತ್ತವೆ.

ಮೇಲಿನ ತಾಯಂದಿರ ವಿಷಯಕ್ಕೆ 12ರಿಂದ 15 ಆಳವಾದ ಸಂದರ್ಶನ ನನಗೆ ಸರಿ ಕಾಣುತ್ತದೆ. ಒಂದು ಗಂಟೆಯ ರೆಕಾರ್ಡಿಂಗ್ ಅಕ್ಷರಕ್ಕಿಳಿಸಲು ನಾಲ್ಕರಿಂದ ಆರು ಗಂಟೆ ಹಿಡಿಯುತ್ತದೆ, ಹಾಗಾಗಿ ಸಂದರ್ಶನ ಮುಗಿದ ವಾರವೇ ಇಳಿಸಿ. ರೆಕಾರ್ಡಿಂಗಿಗೆ ಒಪ್ಪಿಗೆ ಮೊದಲೇ ಕೇಳಿ. ಟಿಪ್ಪಣಿಯಲ್ಲಿ ಬದಲಿ ಹೆಸರು ಬಳಸಿ, ನಿಜ ಹೆಸರಿನ ಪಟ್ಟಿಯನ್ನು ಬೇರೆ ಫೈಲಿನಲ್ಲಿ ಇಡಿ. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ತಾವು ಅಧ್ಯಯನ ಮಾಡಿದ ರಾಮಪುರ ಹಳ್ಳಿಯ ಬಗ್ಗೆ ಸಿದ್ಧಪಡಿಸಿದ್ದ ಟಿಪ್ಪಣಿಗಳ ಮೂರೂ ಪ್ರತಿಗಳು ಒಂದೇ ಕಡೆ ಇದ್ದುದರಿಂದ 1970ರ ಬೆಂಕಿಯಲ್ಲಿ ಒಟ್ಟಿಗೇ ಸುಟ್ಟುಹೋದವು. ನಿಮ್ಮ ಒಂದು ಪ್ರತಿಯಾದರೂ ಬೇರೆ ಜಾಗದಲ್ಲಿರಲಿ.